ಒಂದು ಚಮಚೆ ಸತ್ತ ನಕ್ಷತ್ರ

ಈ ಸೃಷ್ಟಿಯಲ್ಲಿ ಎಷ್ಟೇ ಹಿರಿದಾದದ್ದೂ ಒಂದಲ್ಲ ಒಂದು ದಿನ ತನ್ನ ಭಾರವನ್ನು ತಾನೇ ತಾಳಲಾರದೆ ಕುಸಿಯುತ್ತದೆ. ಸೂರ್ಯನಿಗಿಂತ ಹತ್ತಾರು ಪಟ್ಟು ದೊಡ್ಡದಾದ ನಕ್ಷತ್ರವೂ ಈ ನಿಯಮಕ್ಕೆ ಹೊರತಲ್ಲ. ಈ ಗಂಭೀರ ಸತ್ಯವನ್ನು ನಾನು ಘೋಷಿಸಿದ್ದು ಇಚಲಕರಂಜಿಯ ನನ್ನ ಅಕ್ಕನ ಮನೆಯಲ್ಲಿ, ನಾಲ್ಕನೆಯ ಹೋಳಿಗೆ ಮುಗಿಸಿ, ಚಾಪೆಯಿಂದ ಏಳಲಾಗದೆ ಗೋಡೆಗೆ ಒರಗಿ ಕೂತಿದ್ದಾಗ.

ಅಂದು ಮಗ್ಗಗಳಿಗೆ ವಾರದ ಸುಟ್ಟಿ, ರಜೆ. ಇಚಲಕರಂಜಿಯಲ್ಲಿ ಮನುಷ್ಯನ ದನಿ ಮನುಷ್ಯನಿಗೆ ಕೇಳುವುದು ಆ ಒಂದು ದಿನ ಮಾತ್ರ. ಉಳಿದ ದಿನಗಳಲ್ಲಿ ಓಣಿಯ ಎರಡೂ ಬದಿಯ ಪವರ್‌ಲೂಮುಗಳ ಸದ್ದಿನ ನಡುವೆ ಜನ ಒಬ್ಬರ ಬಾಯಿ ಒಬ್ಬರು ನೋಡಿ ಮಾತು ಅರ್ಥ ಮಾಡಿಕೊಳ್ಳುತ್ತಾರೆ. ಸುಟ್ಟಿಯ ದಿನವೂ ರೂಢಿಯಂತೆ ಕೂಗಿಯೇ ಮಾತಾಡುವುದರಿಂದ, ‘ಚಹಾ ಬೇಕೇನು’ ಎಂದು ಕೇಳುವುದು ಕೂಡ ಬೀದಿಯಲ್ಲಿ ಹೋಗುವವರಿಗೆ ಜಗಳದಂತೆ ಕೇಳಿಸುತ್ತದೆ.

ನಾನು ಗಡಿಯಾಚೆ, ಮರಾಠಿ ಸೀಮೆಯ ಗಡಹಿಂಗ್ಲಜ ತಾಲ್ಲೂಕಿನ ಒಂದು ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿ ನಿವೃತ್ತನಾದವನು. ನಿವೃತ್ತನಾದ ಮಾಸ್ತರನಿಗೆ ಪಿಂಚಣಿ ಸಿಗುತ್ತದೆ, ವಿದ್ಯಾರ್ಥಿಗಳು ಸಿಗುವುದಿಲ್ಲ. ಆದ್ದರಿಂದ ಊಟಕ್ಕೆ ಕರೆದವರೇ ನನ್ನ ವಿದ್ಯಾರ್ಥಿಗಳು. ಅಂದಿನ ತರಗತಿಯಲ್ಲಿ ಇಬ್ಬರಿದ್ದರು. ಒಬ್ಬಳು ಅಕ್ಕ, ನನಗಿಂತ ಎರಡು ವರ್ಷ ದೊಡ್ಡವಳು, ಈಗ ಅರವತ್ತಾರು. ಇನ್ನೊಬ್ಬರು ಅವಳ ಗಂಡ. ನಾವು ಅಕ್ಕನ ಗಂಡನಿಗೆ ಮಾಮಾ ಎನ್ನುವವರು. ಮಾಮಾ ನಲವತ್ತು ವರ್ಷ ಮಗ್ಗದ ಮುಂದೆ ನಿಂತು, ಬಟ್ಟೆಯನ್ನು ಎರಡು ಬೆರಳ ನಡುವೆ ಹಿಡಿದರೆ ಸಾಕು, ಇಂಚಿಗೆ ಎಷ್ಟು ಎಳೆ ಹೊಡೆದಿದೆ ಎಂದು ಹೇಳುವಂಥವರು.

“ಕುಸದ ಮ್ಯಾಲ ಏನ ಉಳೀತೈತ್ರಿ ಮಾಸ್ತರ?” ಎಂದು ಮಾಮಾ ಎಲೆಗೆ ಸುಣ್ಣ ಹಚ್ಚುತ್ತ ಕೇಳಿದರು.

ಇಂಥ ಪ್ರಶ್ನೆ ಕೇಳಿದವರನ್ನು ನಾನು ಸುಮ್ಮನೆ ಬಿಡುವುದಿಲ್ಲ. ನಮ್ಮ ಸೂರ್ಯನಂಥ ನಕ್ಷತ್ರ ಮುದಿಯಾದರೆ ಭೂಮಿಯಷ್ಟು ಗಾತ್ರಕ್ಕೆ ಕುಗ್ಗುತ್ತದೆ, ಅದಕ್ಕೆ ಶ್ವೇತಕುಬ್ಜ ಎನ್ನುತ್ತಾರೆ, ಅದರ ಒಂದು ಚಮಚೆ ತೂಗಿದರೆ ಕಬ್ಬು ಹೇರಿದ ಟ್ರಾಲಿಯಷ್ಟಾಗುತ್ತದೆ ಎಂದೆ. ಅದಕ್ಕೂ ದೊಡ್ಡ ನಕ್ಷತ್ರ ಕುಸಿದರೆ ಉಳಿಯುವುದು ನ್ಯೂಟ್ರಾನ್ ನಕ್ಷತ್ರ. ಸೂರ್ಯನಿಗಿಂತ ಹೆಚ್ಚು ಸರಕು. ಆದರೆ ಅದರ ಒಂದು ಅಂಚನ್ನು ಇಚಲಕರಂಜಿಯಲ್ಲಿಟ್ಟರೆ ಇನ್ನೊಂದು ಅಂಚು ಕೊಲ್ಹಾಪುರ ಮುಟ್ಟುವುದಿಲ್ಲ. ಅದರ ಒಂದು ಚಮಚೆ ಸಾಮಾನಗಡದ ಗುಡ್ಡದಷ್ಟು ಭಾರ, ಮೇಲಿನ ಕೋಟೆಯೂ ಸೇರಿ.

“ಅಷ್ಟ ಸಣ್ಣದರಾಗ ಅಷ್ಟ ಹೆಂಗ ಹಿಡೀತೈತಿ?” ಎಂದಳು ಅಕ್ಕ.

ಅಣುವಿನ ಒಳಗೆಲ್ಲ ಬರೀ ಖಾಲಿ ಜಾಗ ಎಂದು ಹೇಳಿದೆ. ಸರಕಾರಿ ಬಸ್ಸಿನ ಕಂಡಕ್ಟರ್ ‘ಪುಢೇ ಸರ್ಕಾ, ಪುಢೇ ಸರ್ಕಾ’, ಮುಂದೆ ಸರಿಯಿರಿ, ಎಂದು ಜನರನ್ನು ಒತ್ತುವಂತೆ ಗುರುತ್ವ ಎಲ್ಲವನ್ನೂ ಒಳಗೆ ಒತ್ತುತ್ತದೆ. ಒಂದು ಹಂತದಲ್ಲಿ ಎಲೆಕ್ಟ್ರಾನುಗಳು ‘ಇನ್ನು ಸರಿಯುವುದಿಲ್ಲ’ ಎಂದು ಹಟ ಹಿಡಿದು ನಿಲ್ಲುತ್ತವೆ. ಶ್ವೇತಕುಬ್ಜ ನಿಂತಿರುವುದು ಆ ಹಟದ ಮೇಲೆ. ಒಂದೇ ಸೀಟಿನಲ್ಲಿ ಇಬ್ಬರು ಕೂರಬಾರದೆಂಬ ನಿಯಮ ನಮ್ಮ ತಾಲ್ಲೂಕಿನ ನೇಸರಿಯ ಬಸ್ಸಿನಲ್ಲಿಲ್ಲ, ಎಲೆಕ್ಟ್ರಾನುಗಳಲ್ಲಿದೆ. ಭಾರ ಇನ್ನೂ ಹೆಚ್ಚಾದರೆ ಆ ಹಟವೂ ಮುರಿದು ನ್ಯೂಟ್ರಾನ್ ನಕ್ಷತ್ರವಾಗುತ್ತದೆ.

“ಅದಕ್ಕಿಂತಾನೂ ಭಾರ ಆದ್ರ?” ಎಂದರು ಮಾಮಾ.

“ಆಮ್ಯಾಲ ಕಪ್ಪುಕುಳಿ. ಒಳಗ ಹೋದದ್ದು ಹೊರಗ ಬರಾಂಗಿಲ್ಲ.”

“ಕಚೇರಿಗೆ ಕೊಟ್ಟ ಅರ್ಜಿ ಇದ್ದಂಗ ಅನ್ನ್ರಿ,” ಎಂದು ಎಲೆ ಬಾಯಿಗೆ ಹಾಕಿಕೊಂಡು ಅವರು ವಿಷಯವನ್ನು ತಮ್ಮ ಕಸುಬಿಗೆ ತಂದರು. “ನನಗ ತಿಳೀತ್ರಿ. ಇಂಚಿಗೆ ನಲವತ್ತ ಎಳಿ ಹೊಡೆಯೋದರಾಗ ಅರವತ್ತ ಹೊಡದ್ರ ಬಟ್ಟಿ ಗಟ್ಟಿ ಆಗತೈತಿ, ತೂಕಾನೂ ಬರತೈತಿ. ನಕ್ಷತ್ರದಾಗೂ ಮ್ಯಾಲಿನವ ನೂಲು ತುಂಬಕೋತ ಹೊಂಟಾನ.”

ಇಲ್ಲೇ ನಾನು ಎಚ್ಚರವಾಗಬೇಕಿತ್ತು. ನೇಕಾರನ ಲೋಕದಲ್ಲಿ ಏನಾದರೂ ದಟ್ಟವಾಯಿತೆಂದರೆ ಅದಕ್ಕೆ ನೂಲು ಹೆಚ್ಚು ಬಿತ್ತು ಎಂದೇ ಅರ್ಥ. ತೂಕ ಹೆಚ್ಚದೆ ದಟ್ಟವಾಗುವ ಬಟ್ಟೆಯನ್ನು ಅವರು ಕಂಡಿಲ್ಲ. ನಕ್ಷತ್ರಕ್ಕೆ ಯಾರೂ ಹೊಸ ನೂಲು ಹಾಕುವುದಿಲ್ಲ, ಇದ್ದದ್ದೇ ಒತ್ತಿಕೊಳ್ಳುತ್ತದೆ ಎಂಬ ಒಂದು ವಾಕ್ಯ ನಾನು ಹೇಳಬೇಕಿತ್ತು. ಹೋಳಿಗೆಯ ಮಂಪರಿನಲ್ಲಿ ‘ಬರೋಬರ್’, ಸರಿ, ಎಂದುಬಿಟ್ಟೆ. ಮೂವತ್ತು ವರ್ಷ ಮಕ್ಕಳ ಉತ್ತರಪತ್ರಿಕೆಯಲ್ಲಿ ಇಂಥ ಬರೋಬರಿಗೆ ಕೆಂಪು ಗೆರೆ ಎಳೆದವನು ನಾನೇ.

ಅಕ್ಕ ಪಕ್ಕದಲ್ಲಿದ್ದ ಹಿತ್ತಾಳೆ ತಂಬಿಗೆಯನ್ನು ತೋರಿಸಿ, “ಇದನ್ನ ಆ ನಕ್ಷತ್ರದ ಮ್ಯಾಲ ಒಯ್ದ ಇಟ್ರ?” ಎಂದಳು.

“ಭಾಳ ಭಾರ ಆಗತೈತಿ. ಎತ್ತಾಕ ಬರಾಂಗಿಲ್ಲ.”

“ಮುದುಕಾದ್ರ ಎಲ್ಲಾ ಭಾರನ ಬಿಡಪಾ,” ಎಂದು ಅವಳು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಎದ್ದಳು. ಆ ಕೈಯನ್ನು ನಾನು ನೋಡಿದೆ. ನೋಡಿಯೂ ಕಪ್ಪುಕುಳಿಯ ವಿವರಣೆಯನ್ನು ಮುಂದುವರಿಸಿದೆ.

ಹದಿನೈದು ದಿನದ ಮೇಲೆ ಹೊಟ್ಟೆ ನೋವು ತಡೆಯದಾಗಿ ಅಕ್ಕನನ್ನು ಕೊಲ್ಹಾಪುರಕ್ಕೆ ಕರೆದುಕೊಂಡು ಹೋದೆವು. ಡಾಕ್ಟರು ವಯಸ್ಸಿನಲ್ಲಿ ಚಿಕ್ಕವರು, ಮಿತಭಾಷಿ. ಸೋನೋಗ್ರಾಫಿಯ ಹಾಳೆಯನ್ನು ಬೆಳಕಿಗೆ ಹಿಡಿದು, ಅಂಡಾಶಯದಲ್ಲಿ ಗಡ್ಡೆ ಇದೆ, ಗಟ್ಟಿ ಗಡ್ಡೆ, ಇದು ಕಾಯುವಂಥದ್ದಲ್ಲ, ತೆಗೆಯಲೇಬೇಕು ಎಂದು ಮರಾಠಿಯಲ್ಲಿ ಹೇಳಿದರು. ‘ಲವಕರ’ ಎಂಬ ಶಬ್ದವನ್ನು ಮೂರು ಸಲ ಬಳಸಿದರು. ಬೇಗ ಎಂದು ನಾನು ಒಮ್ಮೆ ಮಾತ್ರ ಅನುವಾದ ಮಾಡಿದೆ. ಉಳಿದೆರಡು ಅಕ್ಕನಿಗೇ ತಿಳಿದಿತ್ತು.

ಆಸ್ಪತ್ರೆಯ ಹೊರಗೆ ಚಹಾ ಕುಡಿಯುತ್ತ ಅವಳು ಹೇಳಿದಳು: “ಗುಂಡ ಕೇಳೂಣು. ಕೇಳದ ಹೊಟ್ಟಿಗೆ ಚಾಕು ಹಾಕಸಾಂಗಿಲ್ಲ ನಾ.”

ಗುಂಡು ಎಂದರೆ ನಮ್ಮ ಮನೆದೇವರ ಮುಂದಿನ ಕಲ್ಲು. ನೇಸರಿಯಿಂದ ಆಚೆಗೆ ಕುರಿಗಾರರ ಹಳ್ಳಿಯೊಂದರಲ್ಲಿ ನಾಲ್ಕು ಕಂಬ, ಮೇಲೆ ತಗಡು, ಅದೇ ಗುಡಿ. ಕಟ್ಟೆಯ ಮೇಲೆ ದೊಡ್ಡ ಕುಂಬಳಕಾಯಿಯಷ್ಟು ಕರೀ ಕಲ್ಲು, ಎಣ್ಣೆ ಮತ್ತು ಭಂಡಾರದ ಅರಿಶಿನ ಹಚ್ಚಿ ಹಚ್ಚಿ ನುಣುಪಾದದ್ದು. ಮನೆಯಲ್ಲಿ ಯಾವ ದೊಡ್ಡ ಕೆಲಸವಿದ್ದರೂ ಪ್ರಶ್ನೆ ಕೇಳಿ ಅದನ್ನು ಎತ್ತಬೇಕು. ಎದೆಮಟ್ಟ ಬಂದರೆ ದೇವರು ಹೂಂ ಅಂದ ಹಾಗೆ. ಬರದಿದ್ದರೆ ಬೇಡ ಅಂದ ಹಾಗೆ. ಹೆಣ್ಣಿನ ಪ್ರಶ್ನೆಯಾದರೆ ತವರಿನ ಗಂಡಸೇ ಎತ್ತಬೇಕು. ಬೇಡ ಎಂದ ಪ್ರಶ್ನೆಯನ್ನು ಮೂರು ಅಮಾವಾಸ್ಯೆ ಕಳೆಯುವ ಮೊದಲು ಮತ್ತೆ ಕೇಳುವಂತಿಲ್ಲ.

ಅಕ್ಕನನ್ನು ಇಚಲಕರಂಜಿಗೆ ಕೊಡಬೇಕೋ ಬೇಡವೋ ಎಂಬ ಪ್ರಶ್ನೆಗೂ ಆ ಗುಂಡನ್ನು ಎತ್ತಿದವನು ನಾನೇ. ಆಗ ನನಗೆ ಇಪ್ಪತ್ತು ವರ್ಷ. ಗುಂಡು ಸರಾಗವಾಗಿ ಎದೆಗೆ ಬಂತು, ದೇವರು ಹೂಂ ಅಂದ, ಎಲ್ಲರೂ ಕೈ ಮುಗಿದರು. ಆ ಹೂಂಕಾರದಲ್ಲಿ ನನ್ನ ಇಪ್ಪತ್ತು ವರ್ಷದ ಪಾಲು ಎಷ್ಟು, ಬೆಳಿಗ್ಗೆ ತಿಂದ ರೊಟ್ಟಿಯ ಪಾಲು ಎಷ್ಟು ಎಂದು ಯಾರೂ ವಿಚಾರಿಸಲಿಲ್ಲ.

ವಿಜ್ಞಾನದ ಮಾಸ್ತರನಾಗಿ ನಾನು ಇದನ್ನು ವಿರೋಧಿಸಬೇಕಿತ್ತು. ಆದರೆ ಅಕ್ಕ ಹಟಮಾರಿ. ವಾದಕ್ಕೆ ಕೂತರೆ ತಿಂಗಳು ಬೇಕು, ಎತ್ತಿದರೆ ಅರ್ಧ ನಿಮಿಷ ಸಾಕು. ಕಲ್ಲನ್ನು ಎತ್ತಿ ಒಂದು ಹೂಂ ಗಿಟ್ಟಿಸಿಕೊಂಡು ನೇರವಾಗಿ ಕೊಲ್ಹಾಪುರಕ್ಕೆ ಹೋಗುವುದೇ ಹೆಚ್ಚು ವೈಜ್ಞಾನಿಕ ಎಂದು ತೀರ್ಮಾನಿಸಿದೆ. ಈ ತೀರ್ಮಾನದಲ್ಲಿ ನಾನು ಲೆಕ್ಕಕ್ಕೆ ತೆಗೆದುಕೊಳ್ಳದ ಸಂಗತಿ ಒಂದಿತ್ತು: ಆರು ವರ್ಷದಿಂದ ನನಗೆ ಹರ್ನಿಯಾ ಇದೆ. ಆಪರೇಷನ್ ಮಾಡಿಸಿಕೊಳ್ಳಿ ಎಂದು ಗಡಹಿಂಗ್ಲಜದ ಡಾಕ್ಟರು ಹೇಳಿದಾಗಿನಿಂದ ನಾನು ಧೋತರದ ಒಳಗೆ ಪಟ್ಟಾ ಕಟ್ಟಿಕೊಂಡು ಓಡಾಡುತ್ತಿದ್ದೇನೆ.

ಬಸ್ಸು ನೇಸರಿಯಲ್ಲಿ ಇಳಿಸಿತು. ಅಲ್ಲಿಂದ ಗುಡಿಯವರೆಗೆ ಮಾಮಾ ಅಕ್ಕನ ಕೈ ಹಿಡಿದು ನಡೆಸಿದರು. ಪೂಜಾರಿ ನನಗಿಂತ ಹಿರಿಯ, ಹೆಗಲ ಮೇಲೆ ಕಂಬಳಿ. ನನ್ನನ್ನು ಮೇಲಿನಿಂದ ಕೆಳಗೆ ನೋಡಿ ಅವನು ಅಕ್ಕನಿಗೆ ಹೇಳಿದ: “ಯವ್ವಾ, ನಿಮ್ಮ ಕಾಕಾನ ಮೊಮ್ಮಗ ತಾಲೀಮಿನ್ಯಾಗ ಕುಸ್ತಿ ಆಡತಾನಂತಲ್ಲ, ಅವನೂ ತವರಿನವನ. ಅವನ್ನ ಕರ್ಕೊಂಡ ಬರಬೇಕಿಲ್ಲ?”

“ಇಲ್ಲ. ನನ್ನ ಒಡಹುಟ್ಟಿದವನ ಎತ್ತಬೇಕು,” ಎಂದಳು ಅಕ್ಕ.

ನನಗೆ ಹೆಮ್ಮೆಯಾಯಿತು. ಹೆಮ್ಮೆಯ ಆಯುಷ್ಯ ಒಂದು ನಿಮಿಷವೂ ಇರಲಿಲ್ಲ. ಪೂಜಾರಿ ಭಂಡಾರ ಹಾರಿಸಿ ಪ್ರಶ್ನೆ ಕೇಳಿದ. ನಾನು ಬಗ್ಗಿ, ಕೈ ಕೊಟ್ಟು, ಉಸಿರು ಹಿಡಿದು ಎತ್ತಿದೆ. ಗುಂಡು ಕಟ್ಟೆ ಬಿಟ್ಟಿತು. ತೊಡೆಯವರೆಗೆ ಬಂತು. ಇನ್ನೊಂದು ಗೇಣು ಎತ್ತಿದರೆ ಉಳಿದದ್ದು ತಾನೇ ಬರುತ್ತಿತ್ತು. ಆಗ ಪಟ್ಟಾದ ಕೆಳಗೆ ಏನೋ ಜಾರಿದ ಹಾಗಾಯಿತು. ನೋವು ಎನ್ನುವಷ್ಟೂ ಇರಲಿಲ್ಲ. ನೋವು ಬಂದೀತು ಎಂಬ ಹೆದರಿಕೆ. ನಾನು ಕೈ ಬಿಟ್ಟೆ. ಗುಂಡು ಕಟ್ಟೆಯ ಮೇಲೆ ಬಿದ್ದು ಉರುಳಿ ತನ್ನ ಜಾಗದಲ್ಲೇ ನಿಂತಿತು.

“ಬ್ಯಾಡ ಅಂದಾನ,” ಎಂದ ಪೂಜಾರಿ.

“ಅಂದಿಲ್ಲ!” ಎಂದೆ, ಏದುಸಿರು ಬಿಡುತ್ತ. “ನಲವತ್ನಾಕ್ ವರ್ಷದ ಹಿಂದ ಈ ಕಲ್ಲ ಎಷ್ಟ ಭಾರ ಇತ್ತೋ ಈಗೂ ಅಷ್ಟ ಐತಿ. ನಾ ಮುದುಕ ಆಗೇನಿ, ಅಷ್ಟ.”

ಮಾಮಾ ಮೃದುವಾಗಿ, ಮಾಸ್ತರನ ಮರ್ಯಾದೆ ಉಳಿಸುವ ದನಿಯಲ್ಲಿ ಹೇಳಿದರು: “ಹಂಗ ಅನಬ್ಯಾಡ್ರಿ. ಮುದುಕಾದ್ರ ನಕ್ಷತ್ರ ಸುದ್ದಾ ಭಾರ ಆಗತೈತಿ ಅಂತ ನೀವ ಹೇಳಿದ್ರಿ. ಮ್ಯಾಲಿನವ ಅದಕ್ಕ ನೂಲ ತುಂಬತಾನ, ಕಲ್ಲಿಗೆ ತುಂಬಾಕ ಅವನಿಗೇನ ಕಡಿಮಿ?”

ನಾನು ಆ ಕಟ್ಟೆಯ ಮೇಲೆ ಕೂತು ನನ್ನ ಅಧ್ಯಾಪಕ ಜೀವನದ ಅತ್ಯಂತ ಕಷ್ಟದ ಪಾಠ ಮಾಡಿದೆ. ಯಾರೂ ಏನೂ ತುಂಬುವುದಿಲ್ಲ, ಇದ್ದ ಸರಕೇ ಒತ್ತಿಕೊಳ್ಳುತ್ತದೆ, ಗಾತ್ರ ಕುಗ್ಗುತ್ತದೆ, ಸರಕು ಅಷ್ಟೇ ಇರುತ್ತದೆ ಎಂದೆ. ಉದಾಹರಣೆಗೆ ಪೂಜಾರಿಯ ಹೆಗಲ ಕಂಬಳಿಯನ್ನೇ ತೋರಿಸಿದೆ: “ಕಂಬಳಿ ಬಿಸಿನೀರಾಗ ಹಾಕಿದ್ರ ಕುಗ್ಗಿ ಗಟ್ಟಿ ಆಗತೈತಿ. ಉಣ್ಣಿ ಜಾಸ್ತಿ ಆಗತೈತೇನು?”

“ತೊಯ್ದ ಕಂಬಳಿ ಭಾಳ ಭಾರ ಆಗತೈತ್ರಿ ಮಾಸ್ತರ,” ಎಂದ ಪೂಜಾರಿ.

“ಅದು ನೀರಿನ ಭಾರ!”

“ಇದು ದೇವರದು.”

ಮಾಮಾ ಕೊನೆಯದಾಗಿ, “ಅಲ್ಲಿ ತಂಬಿಗಿ ಇಟ್ರ ಅದ ತಂಬಿಗಿ ಭಾರ ಆಗತೈತೋ ಇಲ್ಲೋ? ಖರೆ ಹೇಳ್ರಿ,” ಎಂದರು. ಆಗುತ್ತದೆ. ಸಣ್ಣದಾಗಿ ಒತ್ತಿಕೊಂಡ ನಕ್ಷತ್ರದ ಮೈಮೇಲೆ ಗುರುತ್ವ ವಿಪರೀತ. ತಂಬಿಗೆ ಅದೇ, ತೂಕ ಬೇರೆ. ಸುಳ್ಳು ಹೇಳಿದ್ದರೆ ಅಕ್ಕನನ್ನು ಮರುದಿನವೇ ಕೊಲ್ಹಾಪುರಕ್ಕೆ ಸಾಗಿಸಬಹುದಿತ್ತೇನೋ. ನಾನು ಭೌತಶಾಸ್ತ್ರಕ್ಕೆ ದ್ರೋಹ ಬಗೆಯಲಿಲ್ಲ. “ಆಗತೈತಿ,” ಎಂದೆ. ಪೂಜಾರಿ ನನ್ನ ಹಣೆಗೆ ಭಂಡಾರ ಹಚ್ಚಿದ.

ಅಲ್ಲಿಂದ ಮುಂದಿನ ಎರಡು ಅಮಾವಾಸ್ಯೆಗಳನ್ನು ನೆನೆಯಲು ನನಗೆ ಇಷ್ಟವಿಲ್ಲ. ಅಕ್ಕ ಮನೆಗೆಲಸ ಮಾಡಿಕೊಂಡೇ ಇದ್ದಳು. ನಾನು ವಾರಕ್ಕೊಮ್ಮೆ ಹೋಗಿ, ದವಾಖಾನೆಯ ಮಾತು ತೆಗೆದು, ಅವಳು ಕೊಟ್ಟ ಚಹಾ ಕುಡಿದು ಗಡಹಿಂಗ್ಲಜಕ್ಕೆ ವಾಪಸ್ಸು ಬರುತ್ತಿದ್ದೆ. ಒಂದು ಸಲ ಅವಳ ಕೈಬಳೆ ಮೊಣಕೈವರೆಗೆ ಜಾರುವುದನ್ನು ಕಂಡೆ. ಹೊಟ್ಟೆ ಮಾತ್ರ ಮುಂದೆ ಬಂದಿತ್ತು.

ದೊಡ್ಡ ನಕ್ಷತ್ರದ ತಿರುಳು ಕುಸಿಯಲು ಒಂದು ಸೆಕೆಂಡೂ ಬೇಕಿಲ್ಲ. ಲಕ್ಷಾಂತರ ವರ್ಷ ಉರಿದದ್ದು ಕಣ್ಣು ಮಿಟುಕಿಸುವುದರೊಳಗೆ ಒಳಗೇ ಮುಗಿದಿರುತ್ತದೆ. ಆದರೆ ಆ ಸುದ್ದಿ ಮೇಲ್ಮೈಗೆ ಬಂದು ಮುಟ್ಟಲು ಗಂಟೆಗಟ್ಟಲೆ ಬೇಕು. ಅಲ್ಲಿಯವರೆಗೆ ಹೊರಗಿನಿಂದ ನೋಡುವವರಿಗೆ ನಕ್ಷತ್ರ ಎಂದಿನ ಹಾಗೇ ಹೊಳೆಯುತ್ತಿರುತ್ತದೆ. ಇದನ್ನು ನಾನು ಮಕ್ಕಳಿಗೆ ಬಹಳ ಉತ್ಸಾಹದಿಂದ ಕಲಿಸುತ್ತಿದ್ದೆ. ಈಗ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಾಗ ಅದು ನೆನಪಾದರೆ ಇಳಿದು ನಡೆಯಬೇಕೆನ್ನಿಸುತ್ತಿತ್ತು.

ನನ್ನನ್ನು ತಿನ್ನುತ್ತಿದ್ದದ್ದು ಭೌತಶಾಸ್ತ್ರದ ಸೋಲಲ್ಲ. ಗುಂಡು ಭಾರವಾಗಿದ್ದರಿಂದ ಬಿದ್ದಿತು ಎಂದು ಪೂಜಾರಿ ತಿಳಿದಿದ್ದ; ನಾನು ಮುದುಕನಾದ್ದರಿಂದ ಬಿದ್ದಿತು ಎಂದು ನಾನೇ ಎಲ್ಲರಿಗೂ ಹೇಳಿದ್ದೆ. ಎರಡೂ ನಿಜವಲ್ಲ. ಎತ್ತಲು ಬರುತ್ತಿತ್ತು. ನನ್ನ ಹೊಟ್ಟೆಯನ್ನು ಉಳಿಸಿಕೊಳ್ಳಲು ನಾನು ಕೈ ಬಿಟ್ಟಿದ್ದೆ.

ಎರಡನೆಯ ಅಮಾವಾಸ್ಯೆ ಕಳೆದ ವಾರ ಇದನ್ನು ಅಕ್ಕನಿಗೆ ಹೇಳಿಯೇ ಬಿಡಬೇಕೆಂದು ಇಚಲಕರಂಜಿಗೆ ಹೋದೆ. ಮಧ್ಯಾಹ್ನ. ಮಾಮಾ ಮಗ್ಗದ ಶೆಡ್ಡಿನಲ್ಲಿದ್ದರು. ಅಕ್ಕ ಗೋಡೆಗೆ ದಿಂಬು ಕೊಟ್ಟು ಕೂತು ಮೆಂತ್ಯ ಸೋಸುತ್ತಿದ್ದಳು. ಪಾಪನಿವೇದನೆಗೆ ಏಕಾಂತ ಬೇಕು ಎನ್ನುತ್ತಾರೆ. ಇಚಲಕರಂಜಿಯಲ್ಲಿ ಅದಕ್ಕೆ ಗಂಟಲು ಬೇಕು. ಗೋಡೆಯಾಚೆ ಎಂಟು ಮಗ್ಗ ಬಡಿಯುತ್ತಿದ್ದವು.

“ಗುಂಡಿನ ಮಾತ ಹೇಳಾಕ ಬಂದೇನಿ!” ಎಂದು ಕೂಗಿದೆ.

“ಏನ?”

“ಗುಂಡ ಭಾರ ಆಗಿರಲಿಲ್ಲ! ನಾನ ಬಿಟ್ಟೆ!”

“ಏನ ಬಿಟ್ಟಿ?”

ನಾನು ಇದ್ದಬದ್ದ ಉಸಿರು ಕೂಡಿಸಿ, “ನನಗ ಹೆದರಿಕಿ ಆತು!” ಎಂದು ಅರಚುವುದಕ್ಕೂ ಲೈಟು ಹೋಗುವುದಕ್ಕೂ ಸರಿಯಾಯಿತು. ಎಂಟೂ ಮಗ್ಗ ಒಮ್ಮೆಲೇ ನಿಂತವು. ನನ್ನ ಹೆದರಿಕೆ ಓಣಿಯ ತುದಿಯವರೆಗೆ ಹೋಗಿರಬೇಕು. ಎದುರು ಮನೆಯ ಹೆಂಗಸು ಬಾಗಿಲಿಗೆ ಬಂದು ನೋಡಿ ಒಳಗೆ ಹೋದಳು.

ಅಕ್ಕ ಮೆಂತ್ಯದಿಂದ ತಲೆ ಎತ್ತಲಿಲ್ಲ. “ಗೊತ್ತೈತಿ,” ಎಂದಳು.

“ಏನ ಗೊತ್ತೈತಿ?”

“ನಿನ್ನ ಪಟ್ಟಾ ನಾ ನೋಡೇನಿ. ಹ್ವಾದ ದೀವಳಿಗ್ಯಾಗ ಹಗ್ಗದ ಮ್ಯಾಲ ಒಣಹಾಕಿದ್ದಿ. ಕುಸ್ತಿ ಆಡಾಂವ ಬ್ಯಾಡ, ನೀನ ಎತ್ತಬೇಕಂತ ನಾ ಯಾಕ ಹಟಾ ಹಿಡದ್ನಿ ಅಂತ ತಿಳದಿ? ನಿನ್ನ ಕಡಿಂದ ಆಗಾಂಗಿಲ್ಲ ಅಂತನ.”

ಅವಳು ಒಂದೊಂದೇ ಎಸಳು ಬಿಡಿಸುತ್ತ ಮುಂದುವರಿಸಿದಳು.

“ಹಿಂದಿನ ಓಣ್ಯಾಗ ಒಬ್ಬಾಕಿ ಹಿಂಗ ಹೊಟ್ಟಿ ಕೊಯ್ಸಾಕಂತ ಹ್ವಾದಾಕಿ ತಿರಗಿ ಬರಲಿಲ್ಲ. ನನಗೂ ಹೆದರಿಕಿ ಇರತೈತೋ ಇಲ್ಲೋ? ಬ್ಯಾಡ ಅಂತ ನಾನ ಅಂದ್ರ ನೀವೆಲ್ಲಾ ಬೈತಿದ್ರಿ. ದೇವರು ಅಂದ್ರ ಯಾರ ಬೈತಾರ?”

“ಹಂಗಾರ ದೇವರು ಏನೂ ಅಂದಿಲ್ಲ,” ಎಂದೆ.

“ಅಂವ ಹೆಂಗ ಅಂದಾನು? ನಾವಿಬ್ಬರೂ ಕೂಡಿ ಅವನ ಬಾಯಿ ಮುಚ್ಚಿದ್ವಿ.”

ಲೈಟು ಇನ್ನೂ ಬಂದಿರಲಿಲ್ಲ. ಇಷ್ಟು ಶಾಂತವಾದ ಇಚಲಕರಂಜಿಯಲ್ಲಿ ಅಕ್ಕನ ಉಸಿರು ಎಷ್ಟು ಮೇಲೆ ಮೇಲೆ ಬರುತ್ತಿದೆ ಎಂಬುದು ನನಗೆ ಮೊದಲ ಸಲ ಕೇಳಿಸಿತು. ನಾನು ಅಳಬಾರದೆಂದು ಡಾಕ್ಟರ ಮಾತನ್ನು ಮೊದಲಿನಿಂದ ಹೇಳಲು ಶುರುಮಾಡಿದೆ. ಅವಳು ತಡೆದಳು.

“ನಿಂದು ಎಷ್ಟ ವರ್ಷ ಆತು?”

“ಏನ?”

“ಪಟ್ಟಾ ಕಟ್ಟಾಕತ್ತಿ.”

“ಆರು.”

“ಡಾಕ್ಟರ್ ಏನಂದಿದ್ದ?”

“ಆಪರೇಷನ್ ಮಾಡಿಸ್ಕೋರಿ ಅಂದಿದ್ದ.”

“ಮತ್ತ ನೀ ಯಾವ ಗುಂಡ ಎತ್ತಿ ಕೇಳಿದ್ಯೋ, ಶ್ಯಾಣ್ಯಾ?”

ಮೂವತ್ತು ವರ್ಷ ಮಕ್ಕಳಿಗೆ ಪ್ರಶ್ನೆ ಹಾಕಿದ್ದೇನೆ. ಉತ್ತರ ಬರದೆ ನೆಲ ನೋಡುತ್ತ ನಿಂತವರ ಒಳಗೆ ಏನಾಗುತ್ತಿತ್ತು ಎಂಬುದು ಅಂದು ತಿಳಿಯಿತು.

“ಮೊದಲ ನೀ ಹೋಗು,” ಎಂದಳು ಅಕ್ಕ. “ಹೋಗಿ ಕೊಯ್ಸ್ಕೊಂಡ ಬಾ. ಬೇಹೋಶಿ ಕೊಟ್ರ ಹೆಂಗ ಆಗತೈತಿ, ಎಚ್ಚರಾದ ಮ್ಯಾಲ ಎಷ್ಟ ನೋಯತೈತಿ, ಸುಳ್ಳ ಹೇಳದ ನನ್ನ ಮುಂದ ಹೇಳು. ನಕ್ಷತ್ರದ್ದ ಹೇಳಿದಂಗ ಅರ್ಧಕ್ಕ ಬಿಡಬ್ಯಾಡ. ಆಮ್ಯಾಲ ನಾ ಬರತೇನಿ.”

“ನಂದು ಕಾಯಬಹುದು ಯಕ್ಕಾ. ನಿಂದು ಕಾಯಾಂಗಿಲ್ಲ. ಇಬ್ಬರೂ ನಾಳೆನ—”

“ಮೊದಲ ನೀ.”

ಲೈಟು ಬಂತು, ಮಗ್ಗಗಳು ಶುರುವಾದವು, ಚೌಕಾಶಿಗೆ ಜಾಗ ಉಳಿಯಲಿಲ್ಲ. ಸಂಜೆ ಮಾಮಾ ಬಂದಾಗ ಅಕ್ಕನೇ ಅವರಿಗೆ ಹೇಳಿದಳು. ಅವರು ಅಂಗಿಗೆ ಅಂಟಿದ ನೂಲಿನ ಎಳೆ ಕೀಳುತ್ತ, “ಮೂರನೇ ಅಮಾಸಿ ಇನ್ನೂ ಆಗಿಲ್ಲಲ್ಲ?” ಎಂದಷ್ಟೇ ಕೇಳಿದರು.

“ಅಮಾಸಿಗೆ ಗುಂಡ ಇರತೈತಿ,” ಎಂದಳು ಅಕ್ಕ. “ನಾ ಇರಬೇಕಲ್ಲ.”

ಮಾಮಾ ಎದ್ದು ಹೊರಗೆ ಹೋದರು. ವಾಪಸ್ಸು ಬಂದಾಗ ಕಣ್ಣು ಕೆಂಪಾಗಿದ್ದವು. ಹತ್ತಿಯ ಧೂಳು ಎಂದರು.

ಗಡಹಿಂಗ್ಲಜದ ಡಾಕ್ಟರು ನನ್ನನ್ನು ಆರು ವರ್ಷದ ನಂತರ ಕಂಡು ಹೆಚ್ಚೇನೂ ಆಶ್ಚರ್ಯಪಡಲಿಲ್ಲ. ಆಪರೇಷನ್ ಆದ ನಾಲ್ಕನೆಯ ದಿನ ನಾನು ಹೊಲಿಗೆ ಹಿಡಿದುಕೊಂಡು ಇಚಲಕರಂಜಿಗೆ ಹೋಗಿ ಅಕ್ಕನ ಮುಂದೆ ಕೂತು ಇದ್ದದ್ದನ್ನು ಇದ್ದಂತೆ ಹೇಳಿದೆ: ಬೆನ್ನಿಗೆ ಚುಚ್ಚಿದ ಸೂಜಿ, ಆಮೇಲೆ ಹಿಡಿದ ನಡುಕ, ಮರುದಿನ ಕೆಮ್ಮಿದಾಗಿನ ನೋವು. ಅವಳು ನಡುನಡುವೆ ಪ್ರಶ್ನೆ ಕೇಳಿದಳು. ಕಪ್ಪುಕುಳಿಗೂ ಅಷ್ಟು ಗಮನ ಕೊಟ್ಟಿರಲಿಲ್ಲ.

ಕೊಲ್ಹಾಪುರದ ಡಾಕ್ಟರು ಹಳೆಯ ಹಾಳೆಯನ್ನೂ ಹೊಸ ಹಾಳೆಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ, ಇಷ್ಟು ದಿನ ಎಲ್ಲಿದ್ದಿರಿ ಎಂದು ಕೇಳಿದರು. ನಾನು ಮುಂದೆ ಬಂದು ತಪ್ಪು ನನ್ನದು ಎಂದೆ. ಅವರು ವಿವರ ಕೇಳಲಿಲ್ಲ. ಎರಡು ತಿಂಗಳ ಹಿಂದೆಯೇ ಆಪರೇಷನ್ನಿಗೆ ಬಂದಿದ್ದರೆ ಬೇರೆ ಆಗುತ್ತಿತ್ತೇ ಎಂದು ಕೇಳಿದ್ದಕ್ಕೆ, “ಸಾಂಗತಾ ಯೇತ ನಾಹೀ,” ಹೇಳಲು ಬರುವುದಿಲ್ಲ, ಎಂದರು.

ನನ್ನದಾದ ಹದಿನಾರನೆಯ ದಿನ ಅಕ್ಕನ ಆಪರೇಷನ್ ಆಯಿತು. ಗಡ್ಡೆ ಕರುಳಿಗೆ ಅಂಟಿತ್ತು. ಪೂರ್ತಿ ತೆಗೆಯಲು ಬರಲಿಲ್ಲ. ಆರು ಸಲ ಕೀಮೋ ಕೊಡಬೇಕೆಂದು ಹೇಳಿದ್ದಾರೆ. ಮೂರು ಮುಗಿದಿವೆ.